ಬಸದಿಯಲ್ಲಿರುವ ಅಮ್ಮನವರು ಯಾರು?

ಪ್ರಶ್ನೆ: ಬಸದಿಗಳಲ್ಲಿ ತೀರ್ಥಂಕರರ ಜೊತೆಗೆ ಸೀರೆ ಉಡಿಸಿದ ದೇವಿಯ ಮೂರ್ತಿಯೂ ಇರುತ್ತದೆ. ಅದು ಯಾವಾಗಲೂ ಪದ್ಮಾವತಿಯೇ?

ಅಲ್ಲ. 24 ತೀರ್ಥಂಕರರಿಗೂ ಒಬ್ಬೊಬ್ಬ ಯಕ್ಷ, ಒಬ್ಬೊಬ್ಬ ಯಕ್ಷಿ ಇದ್ದಾರೆ. ಇವರೇ ಶಾಸನದೇವತೆಗಳು, ಜಿನಶಾಸನವನ್ನು, ಅಂದರೆ ಜೈನಧರ್ಮವನ್ನು, ಕಾಯುವವರು. ಕರ್ನಾಟಕದಲ್ಲಿ ಹೆಚ್ಚು ಪೂಜೆ ಪಡೆಯುವ ಯಕ್ಷಿಯರು ಮೂವರು: ಹೊಂಬುಜದ ಪದ್ಮಾವತಿ, ನರಸಿಂಹರಾಜಪುರದ ಜ್ವಾಲಾಮಾಲಿನಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ.

ಗುರುತು ಹಿಡಿಯಲು ಮುಖ ನೋಡಬೇಡಿ, ಪೀಠ ನೋಡಿ. ಪದ್ಮಾವತಿಯ ವಾಹನ ಕುಕ್ಕುಟಸರ್ಪ: ಮೈ ಹಾವಿನದು, ತಲೆ ಕೋಳಿಯದು. ಕೈಯಲ್ಲಿ ಪಾಶ, ಅಂಕುಶ. ತಲೆಯ ಮೇಲೆ ಹೆಡೆ. ಈ ಹೆಡೆಯಿಂದಲೇ ಕೆಲವರು ಅವಳನ್ನು ಹೆಡೆಯಿರುವ ತೀರ್ಥಂಕರ ಪಾರ್ಶ್ವನಾಥರೆಂದುಕೊಳ್ಳುತ್ತಾರೆ. ಆದರೆ ಜಿನರ, ಅಂದರೆ ತೀರ್ಥಂಕರರ, ಮೈಮೇಲೆ ಒಂದು ಎಳೆ ಆಭರಣವೂ ಇರುವುದಿಲ್ಲ. ಯಕ್ಷಿಗೆ ಕಿರೀಟ, ಹಾರ, ಬಳೆ ಎಲ್ಲವೂ ಉಂಟು. ಜ್ವಾಲಾಮಾಲಿನಿಗೆ ಎಂಟು ಕೈ, ಕೋಣದ ವಾಹನ. ಇಲ್ಲಿ ಮಹಿಷಮರ್ದಿನಿಯೆಂದು ತಪ್ಪು ತಿಳಿಯುವವರು ಬಹಳ. ಕೋಣದ ಕುತ್ತಿಗೆಗೆ ತ್ರಿಶೂಲ ನಾಟಿಲ್ಲ, ಅದು ದೇವಿಯನ್ನು ಹೊತ್ತಿದೆ ಅಂದರೆ ಅವಳು ಜ್ವಾಲಾಮಾಲಿನಿ. ಕೂಷ್ಮಾಂಡಿನಿಗೆ ಸಿಂಹ, ಕೈಯಲ್ಲಿ ಮಾವಿನ ಗೊಂಚಲು, ಪಕ್ಕದಲ್ಲೋ ತೊಡೆಯ ಮೇಲೋ ಮಗು.

ಅಲಂಕಾರವಾದ ಮೇಲೆ ಸೀರೆ, ಹೂವಿನಡಿ ಇದೆಲ್ಲ ಮುಚ್ಚಿಹೋಗುತ್ತದೆ. ಬೆಳಗಿನ ಅಭಿಷೇಕದ ಹೊತ್ತಿಗೆ ಹೋಗಿ, ಅಥವಾ ಬಸದಿಯ ಇಂದ್ರರನ್ನು (ಅರ್ಚಕರನ್ನು) ಕೇಳಿ. ವಾಹನ ಒಡೆದುಹೋದ ಹಳೆಯ ಶಿಲ್ಪವಾದರೆ ಕಿರೀಟದ ನಡುವೆಯೋ ಪ್ರಭಾವಳಿಯ ತುದಿಯಲ್ಲೋ ಹುಡುಕಿ. ಹೆಬ್ಬೆರಳಷ್ಟು ಪುಟ್ಟ ಜಿನಬಿಂಬ ಕುಳಿತಿದ್ದರೆ ದೇವಿ ಜೈನ ಯಕ್ಷಿಯೇ. ಆ ಬಿಂಬಕ್ಕೆ ಹೆಡೆಯಿದ್ದರೆ ಪಾರ್ಶ್ವನಾಥರ ಯಕ್ಷಿ ಪದ್ಮಾವತಿ ಎನ್ನಲು ಬಲವಾದ ಆಧಾರ ಸಿಕ್ಕಂತೆ.

ತೀರ್ಥಂಕರರ ಇಕ್ಕೆಲದಲ್ಲಿ ಇಬ್ಬರೂ ಇದ್ದಾಗ ಯಕ್ಷ ಬಲಕ್ಕೆ, ಯಕ್ಷಿ ಎಡಕ್ಕೆ. ಇದು ಜಿನರ ಬಲ-ಎಡ. ಎದುರು ನಿಂತ ನಮಗೆ ತಿರುವುಮುರುವು.

ಪೂಜೆಯಲ್ಲೂ ವ್ಯತ್ಯಾಸವಿದೆ. ಜಿನರು ರಾಗದ್ವೇಷ ಬಿಟ್ಟ ವೀತರಾಗರು, ಯಾರ ಹರಕೆಗೂ ಒಲಿಯುವವರಲ್ಲ. ಅವರನ್ನು ಪೂಜಿಸುವುದು ಅವರ ಗುಣಕ್ಕಾಗಿ. ಯಕ್ಷಿ ಇನ್ನೂ ಸಂಸಾರದಲ್ಲಿರುವ ದೇವತೆ, ಭಕ್ತರ ಕಷ್ಟಕ್ಕೆ ಓಗೊಡುತ್ತಾಳೆಂಬ ನಂಬಿಕೆ. ಆದ್ದರಿಂದ ಕುಂಕುಮ, ಬಳೆ, ಸೀರೆ, ಉಡಿ ಎಲ್ಲ ಅವಳಿಗೆ ಮಾತ್ರ. ಉತ್ತರ ಭಾರತದ ತೇರಾಪಂಥಿ ಪಂಗಡದ ದಿಗಂಬರರು ಯಕ್ಷಿಪೂಜೆಯನ್ನೇ ಮಾಡುವುದಿಲ್ಲ. ನಮ್ಮ ಬಸದಿಗಳಲ್ಲಿ ಮೊದಲು ಜಿನರ ದರ್ಶನ, ಆಮೇಲೆ ಅಮ್ಮನವರದು. ಉಡಿ ತುಂಬಿಸುವ ಆತುರದಲ್ಲಿ ನೇರ ಅಮ್ಮನವರ ಗುಡಿಗೆ ನಡೆದುಬಿಡಬೇಡಿ.