ಮಗು ಅಲ್ಲೇ ಹುಟ್ಟಿದರೆ ಅಲ್ಲಿಯದೇ ಅಲ್ವಾ?

2025ರ ಜನವರಿ ಮೂರನೇ ವಾರ. ಮೈಸೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯ ಹಾಲ್ ತುಂಬ ಸೂಟ್‌ಕೇಸು. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟಿದ್ದರು. ಒಂದು ಡಬ್ಬಿ ಅಂಟಿನುಂಡೆ, ಎರಡು ಪ್ಯಾಕೆಟ್ ಬಾಣಂತಿ ಖಾರದ ಪುಡಿ, ಹಳೇ ಹತ್ತಿ ಸೀರೆ ಹರಿದು ಹೊಲಿದ ಮಗುವಿನ ಬಟ್ಟೆ. ಸೂಟ್‌ಕೇಸನ್ನು ತೂಕಕ್ಕೆ ನೇತುಹಾಕಿ 23 ಕೆಜಿಗೆ ಸರಿ ಮಾಡುತ್ತಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ, ಅಂದರೆ ಜನವರಿ 20ರಂದು, ಜನ್ಮಸಿದ್ಧ ಪೌರತ್ವದ, ಅಂದರೆ ಅಮೆರಿಕದಲ್ಲಿ ಹುಟ್ಟಿದ ಕಾರಣಕ್ಕೇ ಸಿಗುವ ಪೌರತ್ವದ, ಬಗ್ಗೆ ಒಂದು ಆದೇಶಕ್ಕೆ ಸಹಿ ಹಾಕಿದ್ದರು. 30 ದಿನ ಕಳೆದ ಮೇಲೆ ಹುಟ್ಟುವ ಮಕ್ಕಳಿಗೆ ಅದು ಅನ್ವಯ. ಅಕ್ಕನಿಗೆ ಡಾಕ್ಟರು ಕೊಟ್ಟಿದ್ದ ಡೇಟು ಫೆಬ್ರವರಿ 26.

ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಮಗು ಅಲ್ಲೇ ಹುಟ್ಟಿದ್ರೆ ಅಲ್ಲಿಯದೇ ಅಲ್ವಾ?" ಹೂಂ ಅನ್ನಲು ಹೋಗಿ ಬಾಯಿ ಮುಚ್ಚಿಕೊಂಡೆ. ಆವತ್ತಿನಿಂದ ಇದನ್ನು ಓದುತ್ತಾ ಬಂದಿದ್ದೇನೆ.

ಮೊದಲು ಆದೇಶದಲ್ಲಿ ಏನಿತ್ತು ನೋಡೋಣ. ತಾಯಿ ಕಾನೂನುಬಾಹಿರವಾಗಿ ಅಮೆರಿಕದಲ್ಲಿದ್ದು, ತಂದೆ ಅಲ್ಲಿನ ಪೌರನೂ ಅಲ್ಲ, ಕಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡೂ ಇಲ್ಲ ಅಂದರೆ ಮಗುವಿಗೆ ಪೌರತ್ವವಿಲ್ಲ. ಇದನ್ನು ಎಲ್ಲರೂ ನಿರೀಕ್ಷಿಸಿದ್ದರು. ನಮ್ಮವರನ್ನು ಬೆಚ್ಚಿಬೀಳಿಸಿದ್ದು ಎರಡನೇ ಭಾಗ. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ಅವಳ ವಾಸ 'ತಾತ್ಕಾಲಿಕ'ವಾಗಿದ್ದರೆ, ತಂದೆಗೂ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದಿದ್ದರೆ, ಆಗಲೂ ಇಲ್ಲ. ಅಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾ ಕಾಗದದ ಮೇಲೆ ತಾತ್ಕಾಲಿಕವೇ. ಫೆಬ್ರವರಿ 20ರ ಒಳಗೆ ಸಿಸೇರಿಯನ್ ಮಾಡಿಸಬಹುದಾ ಅಂತ ಭಾರತೀಯ ದಂಪತಿಗಳು ಡಾಕ್ಟರುಗಳನ್ನು ಕೇಳುತ್ತಿದ್ದಾರೆ ಎಂದು ಆಗ ಪತ್ರಿಕೆಗಳಲ್ಲಿ ಬಂತು. ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಆ ಮಾತು ಒಂದು ಸಲ ಬಂದು, ಯಾರೂ ಉತ್ತರಿಸದೆ ಹಾಗೇ ಮುಳುಗಿಹೋಯಿತು.

ಜಗಳವೆಲ್ಲ ಇರುವುದು ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯದಲ್ಲಿ. ಅಮೆರಿಕದಲ್ಲಿ ಹುಟ್ಟಿದ ಅಥವಾ ಪೌರತ್ವ ಪಡೆದುಕೊಂಡ, "ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ", ಎಲ್ಲರೂ ಅದರ ಪೌರರು ಎನ್ನುತ್ತದೆ ಆ ವಾಕ್ಯ. ನಡುವೆ ಅಲ್ಪವಿರಾಮಗಳ ಒಳಗೆ ಕೂತಿರುವ ಆ ತುಂಡು ಇದೆಯಲ್ಲ, ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅದನ್ನು ಎಳೆದಾಡುತ್ತಿದ್ದಾರೆ.

ಆ ವಾಕ್ಯ ಬಂದದ್ದು ಗುಲಾಮಗಿರಿಯ ಲೆಕ್ಕ ತೀರಿಸಲು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬಾತನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಪ್ಪು ಜನ ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪೌರರಾಗಲಾರರು ಎಂದಿತು. ಅಂತರ್ಯುದ್ಧ ನಡೆಯಿತು, ಲಕ್ಷಾಂತರ ಜನ ಸತ್ತರು, 1868ರಲ್ಲಿ 14ನೇ ತಿದ್ದುಪಡಿ ಜಾರಿಯಾಯಿತು. ಹುಟ್ಟಿದ ನೆಲವೇ ಸಾಕ್ಷಿ, ಇನ್ನೊಬ್ಬರ ಅಪ್ಪಣೆ ಬೇಡ ಎಂಬುದು ಅದರ ಸಾರ. 1866ರಲ್ಲಿ ಸೆನೆಟ್ಟಿನಲ್ಲಿ ಇದರ ಚರ್ಚೆ ನಡೆಯುವಾಗಲೇ ಪೆನ್ಸಿಲ್ವೇನಿಯಾದ ಒಬ್ಬ ಸದಸ್ಯ ಎದ್ದು, ಹಾಗಾದರೆ ಚೀನೀಯರ ಮಕ್ಕಳೂ, ಜಿಪ್ಸಿಗಳ ಮಕ್ಕಳೂ ಪೌರರಾಗುತ್ತಾರಾ ಅಂತ ಕೇಳಿದ್ದರು. ಚೀನೀಯರು ಜಾಸ್ತಿ ಇದ್ದ ಕ್ಯಾಲಿಫೋರ್ನಿಯಾದ ಸದಸ್ಯರೇ ಹೌದು, ಆಗಲಿ ಎಂದರು. ಹೊರಗಿನವರ ಮಕ್ಕಳ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ ಎಂಬ ಮಾತು ಈಗ ಕೇಳಿಬರುತ್ತದೆ. ಸೆನೆಟ್ಟಿನ ಆ ದಿನದ ನಡಾವಳಿಯಲ್ಲಿ ಪ್ರಶ್ನೆಯೂ ಇದೆ, ಉತ್ತರವೂ ಇದೆ.

ಈಗ ಒಬ್ಬ ಅಡುಗೆಯವನ ಕಥೆ. ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಾಂಗ್ ಕಿಮ್ ಆರ್ಕ್ ಹುಟ್ಟಿದ್ದು 1873ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಸ್ಯಾಕ್ರಮೆಂಟೊ ಬೀದಿಯ 751ನೇ ನಂಬರಿನಲ್ಲಿ. ಅಪ್ಪ ಅಮ್ಮ ಚೀನಾದಿಂದ ಬಂದು ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಹುಡುಗ ಬೆಳೆಯುತ್ತಿದ್ದ ಕಾಲಕ್ಕೆ ಊರಿನ ಗಾಳಿ ಬದಲಾಗಿತ್ತು. 1882ರ ಕಾಯ್ದೆ ಚೀನೀ ಕೂಲಿಕಾರರು ದೇಶಕ್ಕೆ ಬರುವುದನ್ನೇ ನಿಲ್ಲಿಸಿತು. ಬಂದು ನೆಲೆಸಿದವರೂ ಪೌರತ್ವ ಪಡೆಯುವ ಹಾಗಿರಲಿಲ್ಲ. ಅಪ್ಪ ಅಮ್ಮ ಚೀನಾಕ್ಕೆ ವಾಪಸ್ ಹೋದರು. ಮಗ ಅಮೆರಿಕದಲ್ಲೇ ಅಡುಗೆ ಕೆಲಸ ಮಾಡಿಕೊಂಡಿದ್ದ.

1894ರ ನವೆಂಬರಿನಲ್ಲಿ ಆತ ಮನೆಯವರನ್ನು ನೋಡಲು ಚೀನಾಕ್ಕೆ ಹೊರಟ. ಹೊರಡುವ ಮೊದಲು ಒಂದು ಕಾಗದ ಮಾಡಿಸಿಕೊಂಡ. ಅದರಲ್ಲಿ ಅವನ ಫೋಟೊ ಅಂಟಿಸಿದೆ. ಈತ ಇಲ್ಲೇ ಹುಟ್ಟಿದವನು, ನಮಗೆ ಚೆನ್ನಾಗಿ ಗೊತ್ತು ಎಂದು ಬಿಳಿಯ ಸಾಕ್ಷಿದಾರರ ಸಹಿ ಇದೆ, ನೋಟರಿ ಇದೆ. ಹುಟ್ಟಿದ ಊರಿಗೆ ತಿರುಗಿ ಬರಲು ಇಷ್ಟೆಲ್ಲ. ಎಚ್-1ಬಿಯವರು ಊರಿಗೆ ಬರುವಾಗ ಫೈಲು ತುಂಬ ಪೇ ಸ್ಲಿಪ್ಪು, ಕಂಪನಿಯ ಪತ್ರ ತುಂಬಿಕೊಂಡು ಬರುತ್ತಾರಲ್ಲ, ಆ ಕಾಗದದ ಫೋಟೊ ನೋಡಿದಾಗ ನನಗೆ ಅದೇ ನೆನಪಾಯಿತು.

1895ರ ಆಗಸ್ಟಿನಲ್ಲಿ ಕಾಪ್ಟಿಕ್ ಎಂಬ ಹಡಗಿನಲ್ಲಿ ವಾಪಸ್ ಬಂದ. ಬಂದರಿನ ಸುಂಕದ ಅಧಿಕಾರಿ ಇಳಿಯಲು ಬಿಡಲಿಲ್ಲ. ಕಾಗದ ಸುಳ್ಳು ಎಂದಲ್ಲ. ಇಲ್ಲಿ ಹುಟ್ಟಿರುವುದು ನಿಜವೇ ಇರಬಹುದು, ಆದರೆ ಅಪ್ಪ ಅಮ್ಮ ಚೀನೀ ದೊರೆಯ ಪ್ರಜೆಗಳು, ಆದ್ದರಿಂದ ಈತನೂ ಪೌರನಲ್ಲ ಎಂದು. ಸರ್ಕಾರದ ವಕೀಲರಿಗೆ ಇಂಥದ್ದೊಂದು ಕೇಸು ಬೇಕಾಗಿತ್ತು ಕೂಡ. ಸಂಗತಿಗಳಲ್ಲಿ ತಕರಾರಿಲ್ಲದ, ಕಾನೂನಿನ ಪ್ರಶ್ನೆ ಮಾತ್ರ ಉಳಿಯುವ ಕೇಸು. ತಿಂಗಳುಗಟ್ಟಲೆ ವಾಂಗ್ ಸ್ಯಾನ್ ಫ್ರಾನ್ಸಿಸ್ಕೊ ತೀರದಲ್ಲಿ ನಿಂತ ಹಡಗುಗಳಲ್ಲೇ ಬಂದಿ. ಕಾಪ್ಟಿಕ್ ಹೊರಡುವಾಗ ಇನ್ನೊಂದಕ್ಕೆ, ಅದೂ ಹೊರಡುವಾಗ ಮತ್ತೊಂದಕ್ಕೆ ದಾಟಿಸುತ್ತಿದ್ದರು. ಹುಟ್ಟಿದ ಊರು ಕಣ್ಣೆದುರಿಗೇ ಇತ್ತು.

ಚೀನೀಯರ ಸಂಘವೊಂದು ವಕೀಲರನ್ನು ಗೊತ್ತುಮಾಡಿತು. 1896ರ ಜನವರಿಯಲ್ಲಿ ಕೆಳ ಕೋರ್ಟು ವಾಂಗ್ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿತು. ಚೀನೀಯರ ಮಕ್ಕಳು ಪೌರರೆಂದರೆ ನಾಳೆ ಅವರೇ ಅಧ್ಯಕ್ಷರೂ ಆಗಬಹುದಲ್ಲ ಎಂಬ ಗಾಬರಿ ಸರ್ಕಾರದ ವಾದದಲ್ಲಿ ಬರವಣಿಗೆಯಲ್ಲೇ ಇತ್ತು. 1897ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ವಾದ ಕೇಳಿತು. ಆಮೇಲೆ ಒಂದು ವರ್ಷ ಸುಮ್ಮನಿತ್ತು. 1898ರ ಮಾರ್ಚ್ 28ರಂದು 6-2 ಬಹುಮತದಲ್ಲಿ ತೀರ್ಪು ಬಂತು. ವಾಂಗ್ ಗೆದ್ದ.

ತೀರ್ಪು ಬರೆದವರು ನ್ಯಾಯಮೂರ್ತಿ ಹೊರೇಸ್ ಗ್ರೇ. ಹುಟ್ಟಿದ ನೆಲದ ಪೌರತ್ವ ಇಂಗ್ಲಿಷ್ ಕಾನೂನಿನ ಹಳೇ ನಿಯಮ, ನಮಗೆ ಬಂದಿರುವುದು ಅದೇ ಎಂದರು. ಹೊರಗುಳಿಯುವವರು ಕೆಲವರು ಮಾತ್ರ: ರಾಯಭಾರಿಗಳ ಮಕ್ಕಳು, ದಾಳಿ ಮಾಡಿ ನೆಲ ಹಿಡಿದಿರುವ ಶತ್ರು ಸೈನಿಕರ ಮಕ್ಕಳು, ವಿದೇಶಿ ಸರ್ಕಾರಿ ಹಡಗಿನಲ್ಲಿ ಹುಟ್ಟಿದವರು, ಬುಡಕಟ್ಟುಗಳಿಗೆ ಸೇರಿದ ಮೂಲನಿವಾಸಿಗಳು. ಗ್ರೇ ಇನ್ನೊಂದು ಮಾತನ್ನೂ ಬರೆದರು. ವಾಂಗ್‌ನನ್ನು ಹೊರಗಿಟ್ಟರೆ, ಇಷ್ಟು ಕಾಲ ಪೌರರೆಂದೇ ನಡೆಸಿಕೊಂಡು ಬಂದ ಇಂಗ್ಲಿಷ್, ಸ್ಕಾಟಿಷ್, ಐರಿಷ್, ಜರ್ಮನ್ ಮೂಲದ ಸಾವಿರಾರು ಜನರ ಪೌರತ್ವವೂ ಹೋಗುತ್ತದೆ. ತೀರ್ಪನ್ನು ನಿಲ್ಲಿಸಿದ ಗಟ್ಟಿ ಕಂಬ ಇದೇ ಇರಬೇಕು ಅಂತ ನನ್ನ ಅನುಮಾನ. ಯಾಕೆಂದರೆ ಎರಡು ವರ್ಷದ ಹಿಂದೆ, 1896ರಲ್ಲಿ, ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ ಇಟ್ಟರೆ ತಪ್ಪಿಲ್ಲ ಎಂದು ಪ್ಲೆಸ್ಸಿ ತೀರ್ಪು ಕೊಟ್ಟವರಲ್ಲಿ ಇದೇ ಗ್ರೇ ಇದ್ದರು. ಆವತ್ತು ಒಬ್ಬರೇ ನಿಂತು ವಿರೋಧಿಸಿದ್ದ ನ್ಯಾಯಮೂರ್ತಿ ಹಾರ್ಲನ್, ವಾಂಗ್ ಕೇಸಿನಲ್ಲಿ ವಾಂಗ್ ವಿರುದ್ಧ ನಿಂತರು. ಇತಿಹಾಸದಲ್ಲಿ ಒಳ್ಳೆಯವರು ಕೆಟ್ಟವರು ಅಂತ ಎರಡು ಸಾಲು ಮಾಡಿ ನಿಲ್ಲಿಸಲು ಹೊರಟವರ ಲೆಕ್ಕ ತಪ್ಪಿಸಲು ಈ ಎರಡು ತೀರ್ಪು ಸಾಕು.

ತೀರ್ಪಿನಲ್ಲಿ ಒಂದು ಮುಳ್ಳೂ ಉಳಿಯಿತು. ವಾಂಗ್ ಹುಟ್ಟಿದಾಗ ಅಪ್ಪ ಅಮ್ಮ ಅಮೆರಿಕದಲ್ಲಿ ಕಾಯಂ ವಾಸವಿದ್ದರು ಎಂದು ಗ್ರೇ ಮತ್ತೆ ಮತ್ತೆ ಬರೆದರು. ಅದು ಕೇಸಿನ ಸಂಗತಿಯೋ, ಪೌರತ್ವದ ಶರತ್ತೋ? ಟ್ರಂಪ್ ಸರ್ಕಾರದ ವಾದ ನಿಂತದ್ದು ಈ ಮುಳ್ಳಿನ ಮೇಲೆ. ಕಾಯಂ ನೆಲೆ ಇಲ್ಲದವರ ಮಕ್ಕಳಿಗೆ ಆ ತೀರ್ಪು ಅನ್ವಯಿಸದು ಅನ್ನುತ್ತದೆ ಅದು. ಎದುರಿನವರು, ಇಂಗ್ಲಿಷ್ ಕಾನೂನಿನಲ್ಲಿ ನಾಲ್ಕು ದಿನಕ್ಕೆ ಬಂದುಹೋಗುವವನೂ ಇಲ್ಲಿರುವಷ್ಟು ಕಾಲ ಇಲ್ಲಿನ ಆಳ್ವಿಕೆಗೆ ಒಳಪಟ್ಟವನೇ, ಕಳ್ಳತನ ಮಾಡಿದರೆ ಇಲ್ಲಿನ ಪೊಲೀಸರೇ ಹಿಡಿಯುತ್ತಾರೆ ಅನ್ನುತ್ತಾರೆ. ಎರಡೂ ಕಡೆ ಓದಿದರೆ ಎರಡನೆಯದು ಹೆಚ್ಚು ಸಹಜವಾಗಿ ಕೂರುತ್ತದೆ. ಆದರೆ ಮೊದಲನೆಯದನ್ನು ಸುಮ್ನೆ ಹುಟ್ಟಿಸಿಕೊಂಡದ್ದು ಅನ್ನಲೂ ಆಗದು.

ಮುಂದಿನ ಎಂಟು ದಶಕ ಬೇಗ ದಾಟಬಹುದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು 'ಬಿಳಿಯರಲ್ಲ', ಅರ್ಜಿ ಹಾಕಿ ಪೌರತ್ವ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇಂಥವರು ಜಮೀನು ಕೊಳ್ಳುವ ಹಾಗಿರಲಿಲ್ಲ. ಆಗ ಜಪಾನೀ, ಪಂಜಾಬಿ ರೈತರು ಏನು ಮಾಡಿದರು? ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿದರು. ತೊಟ್ಟಿಲಲ್ಲಿರುವ ಮಗು ಜಮೀನಿನ ಒಡೆಯ, ಅಪ್ಪ ಅದರಲ್ಲಿ ದುಡಿಯುವವನು! 1924ರಲ್ಲಿ ಮೂಲನಿವಾಸಿಗಳಿಗೆ ಕಾಯ್ದೆಯ ಮೂಲಕ ಪೌರತ್ವ ಬಂತು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದ ಮತದಾರರ ಹೆಸರು ಪಟ್ಟಿಯಿಂದ ತೆಗೆಸಲು ಒಂದು ಗುಂಪು ಕೋರ್ಟಿಗೆ ಹೋಗಿ ಸೋತಿತು. ಸೋಲಿಸಿದ್ದು ಅಡುಗೆಯವನ ಹಳೇ ಕೇಸು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

1985ರಲ್ಲಿ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು, ದೇಶ ಒಪ್ಪಿ ಕರೆಸಿಕೊಳ್ಳದವರ ಮಕ್ಕಳಿಗೆ ಸಂವಿಧಾನ ಪೌರತ್ವ ಕೊಡಲೇಬೇಕೆಂದೇನೂ ಇಲ್ಲ ಎಂದು ವಾದಿಸಿದರು. ಮೂಲೆಯಲ್ಲಿದ್ದ ಮಾತು ಮೆಲ್ಲಗೆ ರಾಜಕೀಯಕ್ಕೆ ಬಂತು. ತೊಂಬತ್ತರ ದಶಕದಿಂದ ಅಮೆರಿಕ ಸಂಸತ್ತಿನಲ್ಲಿ ಈ ಬಗ್ಗೆ ಮಸೂದೆಗಳು ಬರುತ್ತಾ, ಸಾಯುತ್ತಾ ಇವೆ. ಈಗ ಇದು ಟ್ರಂಪ್ ಅವರ ರಿಪಬ್ಲಿಕನ್ ಪಕ್ಷವೊಂದರದೇ ಹಟ ಅನ್ನಿಸುತ್ತದೆ. ಆದರೆ 1993ರಲ್ಲಿ ಇಂಥ ಮಸೂದೆ ತಂದವರಲ್ಲಿ ಎದುರಿನ ಡೆಮಾಕ್ರಟಿಕ್ ಪಕ್ಷದ ದೊಡ್ಡ ನಾಯಕರೊಬ್ಬರೂ ಇದ್ದರು. ಆಮೇಲೆ ತಪ್ಪಾಯಿತು ಎಂದು ಅವರೇ ಹೇಳಿಕೊಂಡರು.

ಅಮೆರಿಕ ಮಾತ್ರ ಹೀಗೆ ಅಂತಲೂ ಅಲ್ಲ. ಬ್ರಿಟನ್ ಈ ನಿಯಮವನ್ನು 1983ರಲ್ಲಿ ಬಿಟ್ಟಿತು, ಆಸ್ಟ್ರೇಲಿಯಾ 1986ರಲ್ಲಿ. ಐರ್ಲೆಂಡ್ 2004ರಲ್ಲಿ ಜನಮತ ತೆಗೆದುಕೊಂಡು ಬಿಟ್ಟಿತು. ನಾವು? 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾರೇ ಇರಲಿ, ನೆಲದಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ದೊಡ್ಡಮ್ಮನೂ ನಾನೂ ನೆಲದ ಲೆಕ್ಕದವರು. ಅವರ ಮೈಸೂರಿನ ಮೊಮ್ಮಕ್ಕಳು ಅಪ್ಪ ಅಮ್ಮನ ಕಾಗದದ ಲೆಕ್ಕದವರು. ಇದು ಬದಲಾದಾಗ ನಮ್ಮ ಮನೆಯಲ್ಲಿ ಯಾರೂ ಟಿವಿ ಮುಂದೆ ನಿಂತ ನೆನಪಿಲ್ಲ.

ವ್ಯತ್ಯಾಸ ಇಷ್ಟೇ. ಆ ದೇಶಗಳು ಕಾಯ್ದೆ ತಿದ್ದಿಯೋ, ಮತ ಕೇಳಿಯೋ ಬದಲಿಸಿದವು. ಅಮೆರಿಕದಲ್ಲಿ ನಿಯಮ ಇರುವುದೇ ಸಂವಿಧಾನದಲ್ಲಿ. ಅದನ್ನು ಒಂದು ಸಹಿಯಿಂದ ಬೇರೆ ಥರ ಓದಬಹುದೇ ಎಂಬುದೇ ಪ್ರಶ್ನೆಯಾಯಿತು. ಸಹಿ ಬಿದ್ದ ಮೂರೇ ದಿನಕ್ಕೆ ಸಿಯಾಟಲ್‌ನ ಒಬ್ಬ ಜಡ್ಜು, ರಿಪಬ್ಲಿಕನ್ ಅಧ್ಯಕ್ಷ ರೇಗನ್ ಕಾಲದಲ್ಲಿ ನೇಮಕವಾದವರು, ಇದು ಕಣ್ಣಿಗೆ ರಾಚುವಷ್ಟು ಸಂವಿಧಾನಬಾಹಿರ ಎಂದು ತಡೆಯಾಜ್ಞೆ ಕೊಟ್ಟರು. ಬೇರೆ ಕೋರ್ಟುಗಳೂ ತಡೆದವು. 2025ರ ಜೂನ್ 27ರಂದು ಸುಪ್ರೀಂ ಕೋರ್ಟು 6-3ರಲ್ಲಿ, ಒಬ್ಬ ಜಡ್ಜು ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ತಡೆ ಕೊಡುವುದು ಅವರ ಅಧಿಕಾರ ಮೀರಿದ್ದು ಎಂದಿತು. ಆದೇಶ ಸರಿಯೋ ತಪ್ಪೋ ಎಂಬುದನ್ನು ಮುಟ್ಟಲೇ ಇಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರಿನ ಕೋರ್ಟು ಇಂಥ ಎಲ್ಲ ಮಕ್ಕಳನ್ನೂ ಒಂದು ಗುಂಪು ಅಂತ ಮಾಡಿ, ಆ ಗುಂಪಿನ ಮಟ್ಟಿಗೆ ಮತ್ತೆ ತಡೆ ಕೊಟ್ಟಿತು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಮೂಲ ಪ್ರಶ್ನೆಯನ್ನೇ ಕೇಳಲು ಒಪ್ಪಿತು.

ನಮ್ಮ ಜನರಿಗೆ ಇದರಲ್ಲಿ ಚುಚ್ಚುವುದು 'ತಾತ್ಕಾಲಿಕ' ಎಂಬ ಪದ. ಉದ್ಯೋಗದ ಮೇಲಿನ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಯಾವ ದೇಶದವರಿಗೂ 7%ಗಿಂತ ಜಾಸ್ತಿ ಇಲ್ಲ. ಭಾರತದವರ ಕ್ಯೂ ದಶಕಗಳದ್ದು. ಮನೆ ಸಾಲ ಕಟ್ಟುತ್ತಾ, ತೆರಿಗೆ ಕಟ್ಟುತ್ತಾ, ಕನ್ನಡ ಕೂಟದ ಯುಗಾದಿಗೆ ಹೋಳಿಗೆ ತಟ್ಟುತ್ತಾ ಹದಿನೈದು ವರ್ಷ ಕಳೆದವರೂ ಆದೇಶದ ಲೆಕ್ಕದಲ್ಲಿ ಬಂದುಹೋಗುವವರೇ. ಒಂದೇ ಮನೆಯಲ್ಲಿ ಬೆಂಗಳೂರಲ್ಲಿ ಹುಟ್ಟಿದ ಅಣ್ಣ 21 ತುಂಬಿದ ದಿನ ಅಪ್ಪ ಅಮ್ಮನ ವೀಸಾದಿಂದ ಹೊರಬೀಳುತ್ತಾನೆ. ಅಲ್ಲೇ ಹುಟ್ಟಿದ ತಂಗಿ ಪೌರಳು.

ವಾಂಗ್ ಗೆದ್ದ ಮೇಲೂ ಆರಾಮಾಗಿರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೂರೇ ವರ್ಷಕ್ಕೆ, 1901ರಲ್ಲಿ, ಟೆಕ್ಸಾಸಿನ ಎಲ್ ಪಾಸೊದಲ್ಲಿ ಆತನನ್ನು ಅಕ್ರಮ ವಲಸಿಗ ಅಂತ ಮತ್ತೆ ಹಿಡಿದರು. 1910ರಲ್ಲಿ ಹಿರಿಯ ಮಗ ಬಂದಾಗ, ನೀನು ಇವನ ಮಗನೆಂದು ನಂಬಲಾಗದು ಎಂದು ವಾಪಸ್ ಕಳಿಸಿದರು. 1931ರಲ್ಲಿ ವಾಂಗ್ ಚೀನಾಕ್ಕೆ ಹೋದವನು ತಿರುಗಿ ಬರಲಿಲ್ಲ. ಅಮೆರಿಕಕ್ಕೆ ಬರಲು ಸಾಧ್ಯವಾದ ಕಿರಿಯ ಮಗನನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಕರೆದರು.

ಅಕ್ಕನ ಮಗಳು ಹುಟ್ಟಿದ್ದು ಫೆಬ್ರವರಿ 24ಕ್ಕೆ, ತಡೆಯಾಜ್ಞೆಗಳ ನಡುವೆ. ನೀಲಿ ಪಾಸ್‌ಪೋರ್ಟು ಬಂದಿದೆ. ಫೋಟೊದಲ್ಲಿ ಕಣ್ಣು ಅರ್ಧ ಮುಚ್ಚಿದೆ. ದೊಡ್ಡಮ್ಮನ ಪ್ರಶ್ನೆ ಈಗ ಬೇರೆ. ಮಗುವನ್ನು ಮೈಸೂರಿಗೆ ಕರೆತರಬೇಕು, ಕುಲದೇವರಿಗೆ ಮುಡಿ ಕೊಡಬೇಕು. ಅದಕ್ಕೆ ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಬೇಕು, ಇಲ್ಲವೇ ವೀಸಾ ತೆಗೆಸಬೇಕು. "ನನ್ನ ಮೊಮ್ಮಗಳು ನಮ್ಮನೆಗೆ ಬರೋಕೆ ವೀಸಾನಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದರು. ಫಾರಂ ಡೌನ್‌ಲೋಡ್ ಮಾಡಿ ಇಟ್ಟಿದ್ದೇನೆ.