ಪರಮಾಣುವಿಗೆ ವಯಸ್ಸಾಗುವುದಿಲ್ಲ

ಕಳೆದ ವರ್ಷ ನಮ್ಮ ಚಿಕ್ಕಮ್ಮನಿಗೆ ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಔಷಧವನ್ನು ಮೈಗೆ ಕೊಟ್ಟು ತೆಗೆಯುವ ಸ್ಕ್ಯಾನ್) ಮಾಡಿಸಿದೆವು. ರಿಪೋರ್ಟ್ ಚೆನ್ನಾಗಿ ಬಂತು, ಮನೆಯವರಿಗೆಲ್ಲ ಸಮಾಧಾನವಾಯಿತು. ಆದರೆ ಚಿಕ್ಕಮ್ಮ ಮಾತ್ರ ಎಂಟು ತಿಂಗಳ ಮೊಮ್ಮಗಳನ್ನು 15 ದಿನ ಎತ್ತಿಕೊಳ್ಳಲೇ ಇಲ್ಲ. ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟೇ: "ಇವತ್ತೊಂದು ದಿನ ಮಕ್ಕಳಿಂದ, ಬಸುರಿಯರಿಂದ ಸ್ವಲ್ಪ ದೂರ ಇರಿ." ಒಂದು ದಿನ 15 ದಿನವಾಗಿದ್ದು ಭಯದಿಂದ. ಮಗು ಕೈ ಚಾಚಿದಾಗಲೆಲ್ಲ ಅವರು ಅಡುಗೆಮನೆಗೆ ಹೋಗಿಬಿಡುತ್ತಿದ್ದರಂತೆ.

ಕೊನೆಗೆ ನನಗೆ ಫೋನ್ ಮಾಡಿ ಕೇಳಿದರು. "ಅಲ್ಲಪ್ಪ, ಆ ಔಷಧದ ಅರ್ಧಾಯುಷ್ಯ ಎರಡು ಗಂಟೆ ಅಂದ್ರು. ಅಂದ್ರೆ ನಾಲ್ಕು ಗಂಟೆಗೆ ಪೂರ್ತಿ ಹೋಯ್ತು ಅಂತ ತಾನೇ? ಪಕ್ಕದ ಮನೆಯವರು ನೋಡಿದ್ರೆ, ಅದು ಅರ್ಧ ಅರ್ಧ ಆಗ್ತಾನೇ ಇರುತ್ತೆ, ಯಾವತ್ತೂ ಪೂರ್ತಿ ಹೋಗಲ್ಲ ಅಂತಾರೆ. ಯಾವುದು ನಿಜ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಎರಡೂ ನಿಜವಲ್ಲ. ಎರಡೂ ಏಕೆ ತಪ್ಪು ಎಂದು ಹೇಳಹೊರಟರೆ ವಿಕಿರಣದ ಬಗ್ಗೆ ನನಗೆ ಅತಿ ಇಷ್ಟವಾದ ಸಂಗತಿಯನ್ನೇ ಹೇಳಬೇಕಾಗುತ್ತದೆ.

ಗೊಂದಲದಲ್ಲಿ ನಮ್ಮ ಪದಗಳ ಪಾಲೂ ಇದೆ. 'ಅರ್ಧಾಯುಷ್ಯ' ಎಂದ ಕೂಡಲೇ ಇನ್ನರ್ಧ ಸೇರಿಸಿದರೆ ಪೂರ್ಣಾಯುಷ್ಯ ಎಂದು ಮನಸ್ಸು ಲೆಕ್ಕ ಹಾಕುತ್ತದೆ. 'ವಿಕಿರಣ ಕ್ಷಯ' ಎಂದರೆ ಏನೋ ಒಳಗೊಳಗೇ ಸವೆಯುತ್ತಿದೆ, ಕ್ಷಯರೋಗದವರ ಹಾಗೆ ದಿನಾ ಸೊರಗುತ್ತಿದೆ ಅನಿಸುತ್ತದೆ. ಆದರೆ ಪರಮಾಣು ಸವೆಯುವುದಿಲ್ಲ, ಸೊರಗುವುದಿಲ್ಲ, ಅದಕ್ಕೆ ವಯಸ್ಸಾಗುವುದೂ ಇಲ್ಲ. ನೆಲದಲ್ಲಿರುವ ಯುರೇನಿಯಂ ಭೂಮಿಗಿಂತ ಹಳೆಯದು. ಅದರ ಒಂದು ಪರಮಾಣುವನ್ನು ಹಿಂದಿನ ಕ್ಷಣ ತಾನೇ ಹುಟ್ಟಿದ ಅದೇ ಬಗೆಯ ಇನ್ನೊಂದು ಪರಮಾಣುವಿನ ಪಕ್ಕದಲ್ಲಿಟ್ಟರೆ, ಯಾವುದು ಹಳೆಯದು ಎಂದು ಜಗತ್ತಿನ ಯಾವ ಉಪಕರಣವೂ ಹೇಳಲಾರದು. ಮುಂದಿನ ಒಂದು ಸೆಕೆಂಡಿನಲ್ಲಿ ಸಿಡಿಯುವ, ಅಂದರೆ ಕಿರಣ ಹೊರಹಾಕಿ ಬೇರೊಂದು ಪರಮಾಣುವಾಗಿಬಿಡುವ, ಸಾಧ್ಯತೆ ಎರಡಕ್ಕೂ ಒಂದೇ.

ಶಾಲೆಯ ಮೈದಾನದಲ್ಲಿ 1000 ಮಕ್ಕಳು ನಿಂತಿದ್ದಾರೆ ಎಂದುಕೊಳ್ಳಿ. ಎಲ್ಲರ ಕೈಯಲ್ಲೂ ಒಂದೊಂದು ನಾಣ್ಯ. ನಿಮಿಷಕ್ಕೊಮ್ಮೆ ಪೀಪಿ ಊದಿದಾಗ ಎಲ್ಲರೂ ನಾಣ್ಯ ಚಿಮ್ಮಬೇಕು. ಹೆಡ್ಸ್ ಬಿದ್ದವರು ಕೂತುಬಿಡಬೇಕು. ಮೊದಲ ಸಲ ಸುಮಾರು 500 ಮಕ್ಕಳು ಕೂರುತ್ತಾರೆ. ಎರಡನೇ ಸಲ ಉಳಿದವರಲ್ಲಿ ಅರ್ಧ, ಅಂದರೆ 250. ಆಮೇಲೆ 125. ಕೂರುವುದೆಂದರೆ ಪರಮಾಣು ಸಿಡಿದ ಹಾಗೆ, ನಿಂತವರು ಅರ್ಧಕ್ಕಿಳಿಯಲು ಬೇಕಾದ ಹೊತ್ತೇ ಅರ್ಧಾಯುಷ್ಯ. ಇಲ್ಲಿ ಅದು ಒಂದು ನಿಮಿಷ. ಎಂಟು ಸಲ ಟೇಲ್ಸ್ ಬಿದ್ದು ಇನ್ನೂ ನಿಂತಿರುವ ಹುಡುಗಿಯನ್ನು ನೋಡಿ. ಅವಳ ನಾಣ್ಯಕ್ಕೆ ಹಿಂದಿನ ಎಂಟು ಸಲದ ನೆನಪಿಲ್ಲ. ಒಂಬತ್ತನೇ ಸಲವೂ ಸಾಧ್ಯತೆ ಅರ್ಧಕ್ಕರ್ಧವೇ. ನಮ್ಮ ವಿಷಯ ಹಾಗಲ್ಲ. 80 ದಾಟಿದವರಿಗೂ 20ರವರಿಗೂ ಮುಂದಿನ ವರ್ಷದ ಭರವಸೆ ಒಂದೇ ಅಲ್ಲ. ಅದಕ್ಕೇ 'ಆಯುಷ್ಯ' ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ.

ಕೆಲವರು ಒಗ್ಗರಣೆಯ ಸಾಸಿವೆಯ ಹೋಲಿಕೆ ಕೊಡುತ್ತಾರೆ. ಯಾವ ಕಾಳು ಯಾವಾಗ ಸಿಡಿಯುತ್ತದೆ ಹೇಳಲಾಗದು, ಒಟ್ಟಿನಲ್ಲಿ ಎಲ್ಲ ಸಿಡಿಯುತ್ತವೆ ಅಂತ. ಚಂದದ ಹೋಲಿಕೆಯೇ, ಆದರೆ ಅರ್ಧ ಮಾತ್ರ ಸರಿ. ಸಾಸಿವೆ ಬಿಸಿಯಾಗುತ್ತಾ ಹೋಗುತ್ತದೆ. ಎಣ್ಣೆಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಸಿಡಿಯಲು ಹತ್ತಿರವಾಗುತ್ತದೆ. ಪರಮಾಣುವಿನ ಒಳಗೆ ಹಾಗೆ ಏರುತ್ತಾ ಹೋಗುವ ಬಿಸಿ ಯಾವುದೂ ಇಲ್ಲ.

ಇನ್ನು ಚಿಕ್ಕಮ್ಮನ ಲೆಕ್ಕಕ್ಕೆ ಬರೋಣ. ಪೆಟ್ ಸ್ಕ್ಯಾನಿಗೆ ಸಾಮಾನ್ಯವಾಗಿ ಕೊಡುವುದು ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ವಸ್ತು. ಅದರ ಅರ್ಧಾಯುಷ್ಯ 110 ನಿಮಿಷ. ನಾಲ್ಕು ಗಂಟೆಯ ನಂತರ ಉಳಿಯುವುದು ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ, ಸೊನ್ನೆಯಲ್ಲ. 11 ಗಂಟೆಯ ಹೊತ್ತಿಗೆ 64ರಲ್ಲಿ ಒಂದು ಪಾಲು. ಮೂತ್ರದಲ್ಲಿ ಹೋಗುವುದು ಬೇರೆ. ಆಸ್ಪತ್ರೆಯವರ 'ಒಂದು ದಿನ' ಹುಟ್ಟಿದ್ದು ಈ ಲೆಕ್ಕದಿಂದ.

ಹಾಗಾದರೆ ಪಕ್ಕದ ಮನೆಯವರು ಹೇಳಿದಂತೆ ಅರ್ಧದ ಅರ್ಧದ ಅರ್ಧ ಎಂದು ಕೊನೆಯೇ ಇಲ್ಲದೆ ಉಳಿಯುತ್ತದೆಯೇ? ಕಾಗದದ ಮೇಲೆ ಹೌದು. ಆದರೆ ಪರಮಾಣುಗಳು ಬಿಡಿಬಿಡಿ, ಅವನ್ನು ಎಣಿಸಬಹುದು. ಅರ್ಧ ಪರಮಾಣು ಎಂಬುದಿಲ್ಲ. ಸಾಮಾನ್ಯವಾಗಿ ಕೊಡುವ ಪ್ರಮಾಣ ಸುಮಾರು 37 ಕೋಟಿ ಬೆಕೆರೆಲ್ ಎಂದಿಟ್ಟುಕೊಳ್ಳಿ. ಅಂದರೆ ಶುರುವಿನಲ್ಲಿ ಸೆಕೆಂಡಿಗೆ 37 ಕೋಟಿ ಪರಮಾಣು ಸಿಡಿಯುತ್ತವೆ. ಅಷ್ಟು ಸಿಡಿಯಬೇಕಾದರೆ ಒಟ್ಟು ಇರಬೇಕಾದ ಫ್ಲೋರಿನ್-18 ಪರಮಾಣುಗಳು ಸುಮಾರು ಮೂರೂವರೆ ಲಕ್ಷ ಕೋಟಿ. ಈ ಸಂಖ್ಯೆಯನ್ನು 42 ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. 42ನ್ನು 110 ನಿಮಿಷದಿಂದ ಗುಣಿಸಿದರೆ 77 ಗಂಟೆ. ಮೂರು ದಿನ ಕಳೆದು ಸ್ವಲ್ಪ ಹೊತ್ತಿಗೆ ಕೊನೆಯ ಪರಮಾಣುವೂ ಬಹುತೇಕ ಹೋಗಿರುತ್ತದೆ. ಹೋಗುವುದು ಎಲ್ಲಿಗೆ? ಅದು ಆಮ್ಲಜನಕವಾಗಿ ಬದಲಾಗುತ್ತದೆ, ಅಷ್ಟೇ.

ಇದನ್ನು ಕೇಳಿ ಚಿಕ್ಕಮ್ಮ ಒಂದು ನಿಮಿಷ ಮಾತಾಡಲಿಲ್ಲ. "ಹಾಗಾದ್ರೆ ಇಷ್ಟು ದಿನ ಸುಮ್ನೆ ಮಗೂನ ಅಳಿಸಿದೆ ಅಲ್ವಾ" ಅಂದರು. ಫೋನಿನಲ್ಲೇ ಮಗುವನ್ನು ಕರೆದದ್ದು ಕೇಳಿಸಿತು.

ಅರ್ಧಾಯುಷ್ಯವನ್ನು ಮೊದಲು ಗಮನಿಸಿದ್ದು ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್, 1900ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಥೋರಿಯಂ ಎಂಬ ಲೋಹದಿಂದ ಹೊರಬರುವ ಒಂದು ಅನಿಲ ಸೂಸುವ ವಿಕಿರಣ ಸುಮಾರು ಒಂದು ನಿಮಿಷಕ್ಕೆ ಅರ್ಧವಾಗುತ್ತಿತ್ತು, ಮತ್ತೊಂದು ನಿಮಿಷಕ್ಕೆ ಅದರ ಅರ್ಧ. ಅದಕ್ಕೆ ನಾಲ್ಕು ವರ್ಷ ಮೊದಲು ಪ್ಯಾರಿಸ್‌ನಲ್ಲಿ ವಿಜ್ಞಾನಿ ಹೆನ್ರಿ ಬೆಕೆರೆಲ್ (ಆ ಅಳತೆಗೆ ಇವರದೇ ಹೆಸರು) ಯುರೇನಿಯಂ ಲವಣದಿಂದ ಕಿರಣ ಬರುವುದನ್ನು ಕಂಡಿದ್ದರು. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ಪೊಲೋನಿಯಂ, ರೇಡಿಯಂ ಎರಡನ್ನೂ ಪತ್ತೆ ಮಾಡಿದ್ದರು. ರುದರ್‌ಫೋರ್ಡ್ ಮತ್ತು ಅವರ ಜೊತೆಗಾರ ಫ್ರೆಡರಿಕ್ ಸಾಡಿ ಸೇರಿ ಒಂದು ಧಾತು ತಾನಾಗಿಯೇ ಇನ್ನೊಂದಾಗುತ್ತಿದೆ ಎಂದು ತೋರಿಸಿದಾಗ ರಸವಿದ್ಯೆಯವರ ಹಳೆಯ ಕನಸು ಬೇರೆಯೇ ರೂಪದಲ್ಲಿ ನಿಜವಾಯಿತು. ಆದರೂ ಒಂದು ಒಗಟು ಉಳಿಯಿತು. ಈ ಪರಮಾಣುವೇ ಏಕೆ ಸಿಡಿಯಿತು, ಪಕ್ಕದ್ದು ಏಕೆ ಸುಮ್ಮನೆ ಕೂತಿದೆ?

28 ವರ್ಷ ಯಾರಿಗೂ ಗೊತ್ತಾಗಲಿಲ್ಲ. 1928ರಲ್ಲಿ ಜಾರ್ಜ್ ಗ್ಯಾಮೋ ಎಂಬ 24ರ ಹರೆಯದ ರಷ್ಯನ್ ಯುವಕ ಉತ್ತರ ಕೊಟ್ಟರು. ಗರ್ನಿ, ಕಾಂಡನ್ ಎಂಬ ಇಬ್ಬರೂ ಅದೇ ವರ್ಷ ಬೇರೆಯಾಗಿ ಅದೇ ಉತ್ತರಕ್ಕೆ ಬಂದರು.

ಅಜ್ಜಿಮನೆಯ ಒರಳುಕಲ್ಲಿನ ಗುಂಡಿಯೊಳಗೆ ಒಂದು ಗೋಲಿ ಹಾಕಿ. ಅದು ಆ ಬದಿಗೆ ಈ ಬದಿಗೆ ಉರುಳುತ್ತದೆ. ಅಂಚು ಹತ್ತುವಷ್ಟು ವೇಗವಿಲ್ಲ. ನಮ್ಮ ಜಗತ್ತಿನಲ್ಲಿ ಆ ಗೋಲಿ ಎಂದಿಗೂ ಹೊರಗೆ ಬಾರದು. ಯುರೇನಿಯಂ ಪರಮಾಣುವಿನ ನಡುವಿನ ಬೀಜದೊಳಗೆ ಆಲ್ಫಾ ಕಣವೂ (ಸಿಡಿದಾಗ ಹೊರಬರುವ ತುಣುಕು) ಹಾಗೇ ಸಿಕ್ಕಿಕೊಂಡಿರುತ್ತದೆ. ಆದರೆ ಅಷ್ಟು ಸಣ್ಣ ಲೋಕದಲ್ಲಿ ಕಣ ಎಂದರೆ ಗಟ್ಟಿ ಗೋಲಿಯಲ್ಲ, ಅದಕ್ಕೆ ಅಲೆಯ ಗುಣವಿದೆ. ಅಲೆಯ ತೀರಾ ತೆಳುವಾದ ಬಾಲ ಗೋಡೆಯ ಆಚೆಗೂ ಚಾಚಿರುತ್ತದೆ. ಪಕ್ಕದ ಮನೆಯ ರೇಡಿಯೋ ಸದ್ದು ಗೋಡೆ ದಾಟಿ ಸಣ್ಣಗೆ ಕೇಳುತ್ತದಲ್ಲ, ಸ್ವಲ್ಪ ಹಾಗೆ. ಆದರೆ ಕಣ ಸದ್ದಿನ ಹಾಗೆ ಚೂರು ಚೂರಾಗಿ ಸೋರಲಾರದು. ಇದ್ದರೆ ಇಡಿಯಾಗಿ ಒಳಗೆ, ಇಲ್ಲವೇ ಇಡಿಯಾಗಿ ಹೊರಗೆ. ಆಚೆ ಚಾಚಿದ ಆ ತೆಳು ಬಾಲ ಹೇಳುವುದು, ಒಂದು ಸಲ ಗೋಡೆಗೆ ಬಡಿದಾಗ ಹೊರಗೆ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು ಎಂದು ಮಾತ್ರ.

ಆ ಕಣ ಒಂದು ಸೆಕೆಂಡಿಗೆ ಎಷ್ಟು ಸಲ ಗೋಡೆಗೆ ಬಡಿಯುತ್ತದೆ ಗೊತ್ತೇ? ಹೆಚ್ಚುಕಡಿಮೆ 1ರ ಮುಂದೆ 21 ಸೊನ್ನೆ ಹಾಕಿದಷ್ಟು ಸಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಲೆಕ್ಕ ಹಾಕಿದರೆ, 1ರ ಮುಂದೆ 38 ಸೊನ್ನೆಯಷ್ಟು ಬಡಿತಗಳಿಗೆ ಒಂದು ಸಲ ದಾಟುವ ಅವಕಾಶ. ಪ್ರತಿ ಬಡಿತವೂ ಹೊಸ ನಾಣ್ಯ. ಹಿಂದಿನ ಬಡಿತಗಳಿಂದ ಗೋಡೆ ಒಂದಿಷ್ಟೂ ಸವೆದಿರುವುದಿಲ್ಲ. ಪರಮಾಣುವಿಗೆ ವಯಸ್ಸಾಗದಿರುವ ಗುಟ್ಟು ಇದೇ.

ಗ್ಯಾಮೋ ಲೆಕ್ಕದಲ್ಲಿ ಇನ್ನೂ ಒಂದು ಬೆರಗು ಇದೆ. ಯುರೇನಿಯಂ-238 ಹೊರಹಾಕುವ ಆಲ್ಫಾ ಕಣದ ಶಕ್ತಿ 4.2 ಪಾಲು ಎಂದರೆ ಪೊಲೋನಿಯಂ-212ರದು 8.8 ಪಾಲು. ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಪೊಲೋನಿಯಂ-212ರ ಅರ್ಧಾಯುಷ್ಯ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಮೂರನೇ ಒಂದು ಭಾಗವೂ ಇಲ್ಲ. ಒಂದು ಕಡೆ 450 ಕೋಟಿ ವರ್ಷ, ಇನ್ನೊಂದು ಕಡೆ ರೆಪ್ಪೆ ಮಿಟುಕಿಸುವುದಕ್ಕಿಂತ ಲಕ್ಷಾಂತರ ಪಟ್ಟು ಚಿಕ್ಕ ಹೊತ್ತು. ಶಕ್ತಿ ಜಾಸ್ತಿಯಾದಂತೆ ದಾಟಬೇಕಾದ ಗೋಡೆ ತೆಳ್ಳಗಾಗುತ್ತದೆ. ಗೋಡೆ ತುಸು ತೆಳ್ಳಗಾದರೂ ಸಾಧ್ಯತೆ ಕೋಟಿ ಕೋಟಿ ಪಟ್ಟು ಏರುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಈ ಆಟವೆಲ್ಲ ಪರಮಾಣುವಿನ ನಟ್ಟನಡುವಿನ ಬೀಜದಲ್ಲಿ ನಡೆಯುವುದು. ಹೊರಗಿನ ಬೆಂಕಿ, ಆಮ್ಲ, ಒತ್ತಡ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ಬೆರಿಲಿಯಂ-7ರಂಥ ಕೆಲವದರಲ್ಲಿ ತುಸುವೇ ವ್ಯತ್ಯಾಸವಾಗುತ್ತದೆ, ಅದೂ ಶೇಕಡ ಒಂದರ ಆಸುಪಾಸು. ಹಾಗಾಗಿ ವಿಕಿರಣಶೀಲ ಕಸವನ್ನು ಸುಟ್ಟರೆ ಬೂದಿಯೂ ವಿಕಿರಣಶೀಲ. ವಿಕಿರಣ ಇಳಿಸುತ್ತೇನೆ ಎಂದು ಯಾರಾದರೂ ತಾಯತ, ಪದಕ ಮಾರಿದರೆ ದಯವಿಟ್ಟು ನಂಬಬೇಡಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಇಲಾಖೆ ಹತ್ತು ವಸ್ತುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅವುಗಳಲ್ಲಿ 5ಜಿ ಅಲೆಗಳಿಂದ ಕಾಪಾಡುತ್ತದೆ ಎಂದು ಮಾರುತ್ತಿದ್ದ ಪದಕವೂ ಇತ್ತು. ಪರೀಕ್ಷೆ ಮಾಡಿದರೆ ಪದಕವೇ ವಿಕಿರಣ ಸೂಸುತ್ತಿತ್ತು. 'ಶಕ್ತಿ' ಕೊಡುವ ಪದಕಗಳಲ್ಲಿ ಥೋರಿಯಂ ಇರುವ ಪುಡಿ ಬೆರೆಸಿರುವುದು ಬೇರೆ ಕಡೆಯೂ ಸಿಕ್ಕಿದೆ. ಅದನ್ನು ಮಕ್ಕಳ ಕೊರಳಿಗೆ ಕಟ್ಟುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ರೇಡಿಯಂ ನೀರನ್ನು ಟಾನಿಕ್ ಎಂದು ಮಾರುತ್ತಿದ್ದರು. ಅದನ್ನು ಬಾಟಲಿಗಟ್ಟಲೆ ಕುಡಿದ ಉದ್ಯಮಿ ಎಬೆನ್ ಬೈಯರ್ಸ್ ದವಡೆಯ ಮೂಳೆ ಕರಗಿ 1932ರಲ್ಲಿ ಸತ್ತರು. ರೇಡಿಯಂ ಕ್ಯಾಲ್ಸಿಯಂ ಹಾಗೆ ಮೂಳೆಯಲ್ಲಿ ಹೋಗಿ ಕೂರುತ್ತದೆ.

ಮತ್ತೊಂದು ಭಯ ಇದಕ್ಕೆ ಉಲ್ಟಾ. ವಿಕಿರಣ ತಾಗಿದ್ದೆಲ್ಲ ವಿಕಿರಣಶೀಲವಾಗುತ್ತದೆ ಎಂಬುದು. ಟಾರ್ಚ್ ಬೆಳಕು ಬಿದ್ದ ಗೋಡೆ ಆಮೇಲೆ ಹೊಳೆಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವರು ಯಾರಿಗೂ ಅಪಾಯವಲ್ಲ, ಯಂತ್ರ ಆಫ್ ಆದ ಕ್ಷಣಕ್ಕೆ ಮುಗಿಯಿತು. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಬಾರದಂತೆ ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಒಡ್ಡುವ ಕೇಂದ್ರವಿದೆ. ಆ ಈರುಳ್ಳಿ ವಿಕಿರಣಶೀಲವಾಗುವುದಿಲ್ಲ. ನ್ಯೂಟ್ರಾನ್‌ಗಳ ವಿಷಯ ಬೇರೆ, ಆದರೆ ಅವು ಇರುವುದು ರಿಯಾಕ್ಟರಿನಂಥ ಕಡೆ. ನಿಜವಾಗಿ ಹೆದರಬೇಕಾದ್ದು ವಿಕಿರಣಶೀಲ ವಸ್ತುವೇ ಮೈಗೆ ಅಂಟಿದಾಗ, ಹೊಟ್ಟೆಗೆ ಹೋದಾಗ. ಹೋಳಿ ಬಣ್ಣ ಅಂಟಿದ ಹಾಗೆ ಅದು ಮುಟ್ಟಿದವರಿಗೆಲ್ಲ ದಾಟುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಆದದ್ದು ಅದೇ. ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತು ತಂದ ಯಂತ್ರವನ್ನು ಬಿಚ್ಚಿದಾಗ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಜನ ಚಂದ ಕಂಡು ನೆಂಟರಿಷ್ಟರಿಗೆ ಹಂಚಿದರು. ನಾಲ್ಕು ಜನ ಸತ್ತರು. ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅರ್ಧಾಯುಷ್ಯ ಉದ್ದವಾದಷ್ಟೂ ಅಪಾಯ ಜಾಸ್ತಿ ಎಂದೂ ಹಲವರು ತಿಳಿದಿದ್ದಾರೆ. ನಾಣ್ಯದ ಮೈದಾನ ನೆನೆಸಿಕೊಳ್ಳಿ. ಅರ್ಧಾಯುಷ್ಯ ಉದ್ದ ಎಂದರೆ ಒಂದು ಸೆಕೆಂಡಿನಲ್ಲಿ ಸಿಡಿಯುವವು ಕಡಿಮೆ. 1986ರ ಚೆರ್ನೋಬಿಲ್ ದುರಂತದ ಮೊದಲ ವಾರಗಳಲ್ಲಿ ಮಕ್ಕಳ ಥೈರಾಯ್ಡ್‌ಗೆ ಮುಳುವಾಗಿದ್ದು ಬರೀ 8 ದಿನದ ಅರ್ಧಾಯುಷ್ಯದ ಅಯೋಡಿನ್-131. ಬಿಸ್ಮತ್ ಎಂಬ ಲೋಹ ಹೊಟ್ಟೆನೋವಿನ ಔಷಧದಲ್ಲೇ ಇರುತ್ತದೆ. ಅದು ಎಂದೂ ಸಿಡಿಯದು ಎಂದೇ ಬಹುಕಾಲ ಎಣಿಸಿದ್ದರು. 2003ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಅದೂ ಸಿಡಿಯುವುದನ್ನು ಹಿಡಿದರು. ಅರ್ಧಾಯುಷ್ಯ ಸುಮಾರು 2ರ ಮುಂದೆ 19 ಸೊನ್ನೆಯಷ್ಟು ವರ್ಷ. ವಿಶ್ವದ ವಯಸ್ಸಿಗಿಂತ ನೂರು ಕೋಟಿ ಪಟ್ಟಿಗೂ ಹೆಚ್ಚು!

ಅಷ್ಟು ವರ್ಷ ಯಾರು ಕಾಯುತ್ತಾರೆ ಎಂದು ಕೇಳಬಹುದು. ಕಾಯಬೇಕಿಲ್ಲ. ವಯಸ್ಸಾಗಿ ಸಿಡಿಯುವುದಾಗಿದ್ದರೆ ಕಾಯಬೇಕಿತ್ತು. ಇಲ್ಲಿ ಹಾಗಲ್ಲವಲ್ಲ, ರಾಶಿ ಪರಮಾಣುಗಳನ್ನು ಒಟ್ಟು ಮಾಡಿಟ್ಟರೆ ಅವುಗಳಲ್ಲಿ ಯಾವುದೋ ಒಂದರ ಸರದಿ ಇವತ್ತೇ ಬರಬಹುದು. ಇದೇ ಧೈರ್ಯದ ಮೇಲೆ 1980ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಒಂದು ಪ್ರಯೋಗ ನಡೆಯಿತು. ಪರಮಾಣು ಬೀಜದಲ್ಲಿರುವ ಪ್ರೋಟಾನ್ ಎಂಬ ಕಣವೂ ಸಿಡಿಯುತ್ತದೆಯೇ ಎಂದು ನೋಡಲು ಭಾರತ, ಜಪಾನ್ ವಿಜ್ಞಾನಿಗಳು ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ ಸುಮಾರು 140 ಟನ್ ಕಬ್ಬಿಣ ಜೋಡಿಸಿ ಕೂತರು. ಆಕಾಶದಿಂದ ಬರುವ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ ಎಂದು ಅಷ್ಟು ಆಳ. ಕೆಲವು ಸಲ ಸಿಕ್ಕಿತು ಎನಿಸಿತ್ತು, ಬೇರೆ ಪ್ರಯೋಗಗಳಲ್ಲಿ ಅದು ದೃಢವಾಗಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಜಪಾನಿನಲ್ಲಿ 50,000 ಟನ್ ನೀರಿನ ತೊಟ್ಟಿಯ ಸುತ್ತ ಹುಡುಕಾಟ ಈಗಲೂ ನಡೆದಿದೆ. ಒಂದೂ ಪ್ರೋಟಾನ್ ಇನ್ನೂ ಸಿಕ್ಕಿಬಿದ್ದಿಲ್ಲ.