ಬೆಂಕಿಯಿಲ್ಲ, ಹೊಗೆಯಿಲ್ಲ, ಆದರೂ ಸ್ಮೋಕ್ ಅಲಾರಂ ಯಾಕೆ ಕೂಗುತ್ತದೆ?

ಪ್ರಶ್ನೆ: ದಾವಣಗೆರೆಯ ಹೊಸ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಹಾಲ್ ಮತ್ತು ಬೆಡ್‌ರೂಮ್ ನಡುವಿನ ಪ್ಯಾಸೇಜಿನ ಸೀಲಿಂಗಿಗೆ ಬ್ಯಾಟರಿಯ ಸ್ಮೋಕ್ ಅಲಾರಂ ಹಾಕಿಸಿದ್ದೇವೆ. ಎದುರಿನ ಫ್ಲಾಟಿನಲ್ಲಿ ಗೋಡೆಯ ಪುಟ್ಟಿ ಉಜ್ಜುವ ಕೆಲಸ ಶುರುವಾದಾಗಿನಿಂದ ಅದು ಹೊತ್ತಲ್ಲದ ಹೊತ್ತಿನಲ್ಲಿ, ಅದರಲ್ಲೂ ನಸುಕಿನಲ್ಲಿ, ಕೂಗಿಕೊಳ್ಳುತ್ತದೆ. ಎದ್ದು ನೋಡಿದರೆ ಒಲೆಯೂ ಉರಿಯುತ್ತಿರುವುದಿಲ್ಲ, ಊದುಬತ್ತಿಯೂ ಇರುವುದಿಲ್ಲ. ‘ಧೂಳು ಹೊಕ್ಕಿದೆ’ ಅಂದರು ಎಲೆಕ್ಟ್ರಿಷಿಯನ್. ಧೂಳು ಯಾವುದು, ಹೊಗೆ ಯಾವುದು ಅಂತ ಗೊತ್ತಾಗದ ಯಂತ್ರ ಇದ್ದು ಏನು ಪ್ರಯೋಜನ? ಬ್ಯಾಟರಿ ತೆಗೆದಿಟ್ಟುಬಿಡಲೇ?

ಉತ್ತರ: ಬ್ಯಾಟರಿ ಮಾತ್ರ ತೆಗೆದಿಡಬೇಡಿ. ಕಾರಣ ಆಮೇಲೆ ಬಿಡಿಸಿ ಹೇಳುತ್ತೇನೆ, ಮೊದಲು ಈ ಒಂದು ಮಾತು ನಡೆಸಿಕೊಡಿ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ಇವತ್ತು ಸುಮ್ಮಸುಮ್ಮನೆ ಕೂಗಿಸುತ್ತಿರುವ ಧೂಳೇ ನಾಳೆ ಇನ್ನಷ್ಟು ಸೇರಿಕೊಂಡರೆ, ನಿಜವಾದ ಹೊಗೆ ಬಂದಾಗ ಅದು ಕೂಗದಂತೆಯೂ ಮಾಡುತ್ತದೆ. ನನಗೆ ಭಯ ಇರುವುದು ಈ ಎರಡನೆಯದರ ಬಗ್ಗೆ.

ಅಲಾರಂಗೆ ಸುಟ್ಟ ವಾಸನೆ ತಿಳಿಯುವುದಿಲ್ಲ, ಬೆಂಕಿಯ ಬಿಸಿಯೂ ತಿಳಿಯುವುದಿಲ್ಲ. ತನ್ನೊಳಗೆ ಹೊಕ್ಕ ಗಾಳಿಯಲ್ಲಿ ಕಣಗಳು ಎಷ್ಟು ತೇಲುತ್ತಿವೆ ಎಂಬುದೊಂದೇ ಅದರ ಲೆಕ್ಕ. ಈಗ ಮನೆಗೆಂದು ಸಿಗುವ ಅಲಾರಂಗಳಲ್ಲಿ ಹೆಚ್ಚಿನವು ಈ ಲೆಕ್ಕವನ್ನು ಬೆಳಕಿನಿಂದ ಮಾಡುತ್ತವೆ. ಹೇಗೆ ಅನ್ನುವುದು ನಮ್ಮೂರಿನ ಮಂಡಕ್ಕಿ ಭಟ್ಟಿಯೊಳಗೆ ಬೆಳಗಿನ ಹೊತ್ತು ಕಾಲಿಟ್ಟವರಿಗೆ ಬೇಗ ಅರ್ಥವಾಗುತ್ತದೆ. ತಗಡಿನ ತೂತಿನಿಂದ ಬಿಸಿಲುಕೋಲು ಇಳಿದಿರುತ್ತದೆ. ಗಾಳಿ ತಿಳಿಯಾಗಿದ್ದರೆ ಪಕ್ಕದಲ್ಲಿ ನಿಂತವರಿಗೆ ಆ ಕೋಲು ಕಾಣುವುದೇ ಇಲ್ಲ, ನೆಲದ ಮೇಲೆ ಬಿದ್ದ ಬಿಸಿಲಿನ ಬಿಲ್ಲೆ ಮಾತ್ರ ಕಾಣುತ್ತದೆ. ಒಲೆಯ ಹೊಗೆ, ಹುರಿಯುವ ಮರಳಿನ ಧೂಳು, ಅಕ್ಕಿಯ ಹೊಟ್ಟು ಗಾಳಿಯಲ್ಲಿ ತುಂಬಿಕೊಂಡಾಗ ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ಸುತ್ತಲೂ ಚೆದುರಿಸುತ್ತದೆ. ಆಗ ಕೋಲು ಬೆಳ್ಳಗೆ ಎದ್ದು ಕಾಣುತ್ತದೆ. ಬೆಳಕಿನ ಈ ಗುಣವನ್ನು 19ನೇ ಶತಮಾನದಲ್ಲಿ ಕೂಲಂಕಷವಾಗಿ ಪರೀಕ್ಷಿಸಿದ್ದು ಐರ್ಲೆಂಡ್ ಮೂಲದ ವಿಜ್ಞಾನಿ ಜಾನ್ ಟಿಂಡಾಲ್. ಅದಕ್ಕೇ ಟಿಂಡಾಲ್ ಪರಿಣಾಮ ಎಂಬ ಹೆಸರು ಬಂತು. ಈಗ ಹೇಳಿ, ಆ ಬಿಸಿಲುಕೋಲಿನಲ್ಲಿ ಹೊಳೆಯುವ ಕಣಗಳಲ್ಲಿ ಹೊಗೆಯದು ಯಾವುದು, ಮರಳಿನದು ಯಾವುದು ಅಂತ ಕಣ್ಣಿಗೆ ಗೊತ್ತಾಗುತ್ತದೆಯೇ? ಅಲಾರಂಗೂ ಗೊತ್ತಾಗುವುದಿಲ್ಲ.

ಇನ್ನು ಅದರ ಒಳಗನ್ನು ನೋಡೋಣ. ಬಿಳಿ ಮುಚ್ಚಳದ ಅಂಚಿನಲ್ಲಿ ಸುತ್ತಲೂ ಸೀಳುಗಳಿರುತ್ತವೆ, ಅದರ ಹಿಂದೆ ಹುಳ ಹೋಗದಂತೆ ಸಣ್ಣ ಜಾಲರಿ. ಜಾಲರಿಯ ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಕಪ್ಪು ಪ್ಲಾಸ್ಟಿಕ್ಕಿನ ದುಂಡನೆಯ ಕೋಣೆ. ಅದರ ಅಂಚಿನ ಗೋಡೆಗಳನ್ನು ಮಡಿಕೆ ಮಡಿಕೆಯಾಗಿ ಮಾಡಿರುತ್ತಾರೆ. ಗಾಳಿ ಸುತ್ತಿ ಬಳಸಿ ಒಳಗೆ ಬರಬಹುದು, ಹೊರಗಿನ ಬೆಳಕು ಬರಕೂಡದು. ಕೋಣೆಯ ಒಂದು ಬದಿಗೆ ಪುಟ್ಟ ಎಲ್‌ಇಡಿ, ಕೆಲವು ಸೆಕೆಂಡಿಗೊಮ್ಮೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮಿಟುಕಿಸುತ್ತದೆ. ಬೆಳಕನ್ನು ಗುರುತಿಸುವ ಫೋಟೋಡಯೋಡನ್ನು ಎಲ್‌ಇಡಿಗೆ ಎದುರಾಗಿ ಇಡದೆ ಬೇಕೆಂದೇ ಓರೆಯಾಗಿ ಇಟ್ಟಿರುತ್ತಾರೆ. ಗಾಳಿ ತಿಳಿಯಾಗಿದ್ದರೆ ಎಲ್‌ಇಡಿಯ ಬೆಳಕು ನೆಟ್ಟಗೆ ಹೋಗಿ ಕಪ್ಪು ಗೋಡೆಯಲ್ಲಿ ಇಂಗಿಹೋಗುತ್ತದೆ, ಡಯೋಡಿಗೆ ಹೆಚ್ಚುಕಡಿಮೆ ಕತ್ತಲೆ. ಹೊಗೆ ಹೊಕ್ಕರೆ ಬೆಳಕು ಚೆದುರಿ ಒಂದಿಷ್ಟು ಡಯೋಡಿನ ಮೇಲೂ ಬೀಳುತ್ತದೆ. ಅದು ಒಂದು ಮಿತಿ ದಾಟಿತೆಂದರೆ ಅಲಾರಂ ಕೂಗು ಹಾಕುತ್ತದೆ.

ಧೂಳು ಎರಡು ರೀತಿಯಲ್ಲಿ ಈ ಲೆಕ್ಕ ಕೆಡಿಸುತ್ತದೆ. ಒಂದು, ತೇಲುತ್ತಲೇ ಒಳಗೆ ಹೊಕ್ಕು ಹೊಗೆಯ ಹಾಗೆಯೇ ಬೆಳಕು ಚೆದುರಿಸುತ್ತದೆ. ಮರಳು ಕಾಗದದಲ್ಲಿ ಪುಟ್ಟಿ ಉಜ್ಜಿದಾಗ ಏಳುವ ಪುಡಿ ಇದಕ್ಕೆ ಹೇಳಿ ಮಾಡಿಸಿದಂಥದ್ದು: ಬಿಳಿ, ನುಣುಪು, ಹಗುರ. ಉಜ್ಜುವವರು ಕೆಲಸ ಮುಗಿಸಿ ಹೋದ ಮೇಲೂ ಅದರ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಇನ್ನೊಂದು ರೀತಿ ನಿಧಾನದ್ದು, ನಿಮ್ಮ ಮನೆಯಲ್ಲಿ ಆಗಿರುವುದು ಬಹುಶಃ ಇದೇ. ಕೋಣೆಯ ಕಪ್ಪು ಗೋಡೆಯ ಮೇಲೆ ಧೂಳು ತೆಳ್ಳಗೆ ಕೂತು ಅದನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಬೆಳಕನ್ನು ನುಂಗಬೇಕಾದ ಗೋಡೆ ಈಗ ಒಂದಿಷ್ಟು ಬೆಳಕನ್ನು ವಾಪಸು ಕಳಿಸುತ್ತದೆ. ಹೊಗೆಯೇ ಇಲ್ಲದಿದ್ದರೂ ಡಯೋಡಿಗೆ ಸದಾ ಸ್ವಲ್ಪ ಬೆಳಕು ಸಿಗುತ್ತಿರುತ್ತದೆ, ಅಂದರೆ ಅದು ಮಿತಿಯ ಹತ್ತಿರಕ್ಕೆ ಬಂದು ಕೂತಿರುತ್ತದೆ. ಆಮೇಲೆ ಒಗ್ಗರಣೆಯ ಘಾಟು, ಸ್ನಾನದ ಮನೆಯ ಹಬೆ, ಒಂದು ಸಣ್ಣ ಜೇಡ, ಇಷ್ಟು ಸಾಕು.

ನಸುಕಿನಲ್ಲೇ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮನೆ ತೀರಾ ತಂಪಾಗುವುದು ಆ ಹೊತ್ತಿನಲ್ಲಿ. ತಂಪಾದಷ್ಟೂ ಗಾಳಿಯ ಸಾಪೇಕ್ಷ ಆರ್ದ್ರತೆ ಏರುತ್ತದೆ, ಅಲಾರಂನ ಕಪ್ಪು ಕೋಣೆಯೊಳಗೆ ಕೂತ ಧೂಳು ತೇವ ಹೀರಿಕೊಳ್ಳುತ್ತದೆ, ಮೊದಲೇ ಮಿತಿಯ ಅಂಚಿನಲ್ಲಿದ್ದ ಅಲಾರಂ ಅದನ್ನು ದಾಟಿಬಿಡುತ್ತದೆ. ಬ್ಯಾಟರಿಯ ಶಕ್ತಿಯೂ ತಂಪಿನಲ್ಲಿ ಕುಗ್ಗುತ್ತದೆ. ಹಾಗಾಗಿ ಅದು ಯಾವ ರೀತಿ ಕೂಗುತ್ತಿದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದೇ ಒಂದು ‘ಚಿಕ್’ ಬಂದರೆ ಹೆಚ್ಚಿನ ಅಲಾರಂಗಳಲ್ಲಿ ಅದರ ಅರ್ಥ ಬ್ಯಾಟರಿ ಮುಗಿಯುತ್ತಿದೆ ಎಂದು. ಅಲ್ಲಿ ಧೂಳಿನ ಮಾತೇ ಬರುವುದಿಲ್ಲ, ಹೊಸ ಬ್ಯಾಟರಿ ಹಾಕಿದರೆ ಸರಿಹೋಗುತ್ತದೆ. ಬಿಡದೆ, ಕಿವಿಗಡಚಿಕ್ಕುವಂತೆ ಕೂಗಿದರೆ ಮಾತ್ರ ಅದು ಕಣಗಳನ್ನು ಕಂಡಿದೆ ಎಂದರ್ಥ.

‘ವ್ಯತ್ಯಾಸ ತಿಳಿಯದ ಯಂತ್ರ’ ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ, ತಯಾರಕರಿಗೂ ಇದು ಹಳೆಯ ತಲೆನೋವು. ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ, ಚಿಕ್ಕವು. ಮನೆಯ ಧೂಳು, ನೀರಿನ ಹಬೆಯ ಹನಿಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು. ಚಿಕ್ಕ ಕಣ ನೀಲಿ ಬೆಳಕನ್ನು ಅವಕೆಂಪಿಗಿಂತ ಹೆಚ್ಚು ಚೆದುರಿಸುತ್ತದೆ, ದೊಡ್ಡ ಕಣ ಎರಡನ್ನೂ ಹೆಚ್ಚುಕಡಿಮೆ ಒಂದೇ ಸಮ ಚೆದುರಿಸುತ್ತದೆ. ಈ ಸುಳಿವು ಹಿಡಿದು ಎರಡೂ ಬೆಳಕನ್ನು ಹಾಯಿಸಿ ಹೋಲಿಸಿ ನೋಡುವ ಅಲಾರಂಗಳು ಬಂದಿವೆ. ಇನ್ನು ಕೆಲವು, ದಿನದಿಂದ ದಿನಕ್ಕೆ ನಿಧಾನವಾಗಿ ಏರುವ ಬೆಳಕನ್ನು ‘ಇದು ಧೂಳು’ ಅಂತ ಎಣಿಸಿ ತಮ್ಮ ಮಿತಿಯನ್ನೇ ಸರಿಸಿಕೊಳ್ಳುತ್ತವೆ. ಅದಕ್ಕೂ ಒಂದು ಕೊನೆ ಇದ್ದೇ ಇದೆ. ಅಗ್ಗದ ಅಲಾರಂಗಳಲ್ಲಿ ಇದು ಯಾವುದೂ ಇರುವುದಿಲ್ಲ.

ಇನ್ನೊಂದು ಜಾತಿಯ ಅಲಾರಂ ಇದೆ, ಅದು ವಿದ್ಯುತ್ತಿನಿಂದ ಲೆಕ್ಕ ಹಾಕುತ್ತದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಉಪಕರಣ ಕಟ್ಟುತ್ತಿದ್ದ. ಅನಿಲ ಬಿಟ್ಟರೆ ಅದು ಅಲುಗಲೇ ಇಲ್ಲ, ಆತ ಸಿಗರೇಟು ಹಚ್ಚಿದಾಗ ಮುಳ್ಳು ಕದಲಿತು. ಅಲ್ಲಿಂದ ಹುಟ್ಟಿದ್ದು ಅಯಾನೀಕರಣದ ಅಲಾರಂ. ಇದರೊಳಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತು ಇರುತ್ತದೆ. ಅದರ ವಿಕಿರಣ ಗಾಳಿಯನ್ನು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಾಗಿ, ಒಡೆದು ಎರಡು ತಗಡುಗಳ ನಡುವೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತದೆ, ಹೊಗೆಯ ಕಣಗಳಿಗೆ ಅಯಾನುಗಳು ಅಂಟಿಕೊಂಡಾಗ ಆ ಹರಿವು ಕುಗ್ಗುತ್ತದೆ. ಧೂಳಿಗೂ ಅಯಾನು ಅಂಟಿಕೊಳ್ಳುತ್ತದೆ, ಹಾಗಾಗಿ ಇದಕ್ಕೂ ಧೂಳಿನ ಕಾಟ ತಪ್ಪಿದ್ದಲ್ಲ. ಧಗಧಗ ಉರಿಯುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಹತ್ತಿ ಹಾಸಿಗೆಯೊಳಗೆ ಬೀಡಿಯ ಕಿಡಿಯೋ ಸೊಳ್ಳೆ ಬತ್ತಿಯ ತುದಿಯೋ ಬಿದ್ದು ಉರಿಯಿಲ್ಲದೆ ಕನಲುತ್ತಾ ಹೋಗುವ ಬೆಂಕಿಯಲ್ಲಿ ಬೆಳಕಿನ ಅಲಾರಂ ಮುಂದು. ಮಲಗಿದವರಿಗೆ ಹೆಚ್ಚು ಅಪಾಯ ಇಂಥ ಬೆಂಕಿಯಿಂದಲೇ, ಆದ್ದರಿಂದ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಬೆಳಕಿನದನ್ನೇ. ಹಳೆಯ ಅಲಾರಂ ಮೇಲೆ ವಿಕಿರಣದ ಗುರುತಿದ್ದರೆ ಅದನ್ನು ಒಡೆಯಬೇಡಿ, ಸುಡಬೇಡಿ.

ಈಗ ನಾನು ಮೊದಲೇ ಹೇಳಿದ ಆ ಇನ್ನರ್ಧಕ್ಕೆ ಬರುತ್ತೇನೆ. ಜಾಲರಿಯ ಕಣ್ಣುಗಳು ಬಟ್ಟೆಯ ನೂಲು, ಅಡುಗೆಯ ಜಿಡ್ಡು, ಪುಟ್ಟಿಯ ಪುಡಿ ಸೇರಿ ಕಟ್ಟಿಕೊಂಡರೆ ಹೊಗೆ ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ. ಮನೆ ತುಂಬ ಹೊಗೆ ಇದ್ದರೂ ಅಲಾರಂನ ಕಪ್ಪು ಕೋಣೆಯೊಳಗೆ ಗಾಳಿ ತಿಳಿಯಾಗಿರುತ್ತದೆ. ಟೆಸ್ಟ್ ಬಟನ್ ಒತ್ತಿದರೆ ಕೂಗುತ್ತದಲ್ಲ ಎಂದು ನಂಬಿ ಕೂರಬೇಡಿ. ಆ ಬಟನ್ ಸರ್ಕಿಟ್, ಬ್ಯಾಟರಿ, ಹಾರ್ನ್ ಸರಿಯಾಗಿವೆಯೇ ಎಂದಷ್ಟೇ ತಿಳಿಸುತ್ತದೆ, ಹೊಗೆ ಒಳಗೆ ಬರಲು ದಾರಿ ಇದೆಯೇ ಎಂದು ತಿಳಿಸುವುದಿಲ್ಲ. ಬೆಂಕಿ ಬಿದ್ದ ಮನೆಗಳಲ್ಲಿ ಜನ ಸಾಯುವುದು ಹೆಚ್ಚಾಗಿ ಉರಿಯಿಂದ ಅಲ್ಲ, ಹೊಗೆ ಕುಡಿದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿ ನಮ್ಮ ಮೂಗೂ ಅಷ್ಟಾಗಿ ಎಚ್ಚರವಿರುವುದಿಲ್ಲ. ಎಬ್ಬಿಸಲು ಕೂಗೇ ಬೇಕು. ನಿಮ್ಮ ಬ್ಯಾಟರಿಗಾಗಿ ನಾನು ಇಷ್ಟು ಹಠ ಹಿಡಿದಿರುವುದು ಅದಕ್ಕೇ.

ನಮ್ಮ ಸೀಮೆಯಲ್ಲಿ ಧೂಳಿನ ಋತುಗಳೇ ಬೇರೆ ಬೇರೆ. ಆಷಾಢದ ಗಾಳಿ ಶುರುವಾದರೆ ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳು ತಿರುಗುವಷ್ಟೇ ಜೋರಾಗಿ ಕೆಳಗಿನ ಮನೆಗಳಿಗೆ ಕೆಮ್ಮಣ್ಣು ನುಗ್ಗುತ್ತದೆ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಒಕ್ಕಣೆ ಶುರುವಾದಾಗ ರಸ್ತೆಯಂಚಿನ ಮನೆಗಳ ಕಿಟಕಿಗೆಲ್ಲ ಹೊಟ್ಟಿನ ಪುಡಿ. ಆರು ತಿಂಗಳಿಗೊಮ್ಮೆ ಅಲಾರಂ ಒರೆಸಿ ಎಂಬ ಸಾಮಾನ್ಯ ಸಲಹೆ ಇಲ್ಲಿಗೆ ಸಾಲದು. ಈ ಎರಡು ಕಾಲ ಮುಗಿದಾಗೊಮ್ಮೆ, ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಾಗೊಮ್ಮೆ ಸ್ವಚ್ಛ ಮಾಡಲೇಬೇಕು.

ಮಾಡುವುದು ಕಷ್ಟವೇನಲ್ಲ. ಗಟ್ಟಿ ಏಣಿಯೋ ಸ್ಟೂಲೋ ಹಾಕಿ, ಒಬ್ಬರು ಕೆಳಗೆ ಹಿಡಿದುಕೊಳ್ಳಲಿ. ಹೆಚ್ಚಿನವನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ತಳದ ಬಿಲ್ಲೆಯಿಂದ ಕಳಚಿಕೊಳ್ಳುತ್ತವೆ. ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟು ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆಯ ಬ್ರಷ್ಷಿನಿಂದ ಅಂಚಿನ ಸೀಳುಗಳ ಸುತ್ತಲೂ ನಿಧಾನವಾಗಿ ಎಳೆಯಿರಿ. ವ್ಯಾಕ್ಯೂಮ್ ಇಲ್ಲದಿದ್ದರೆ ಒಣಗಿದ, ಹೊಸ ಪೇಂಟ್ ಬ್ರಷ್ ಆಗುತ್ತದೆ, ಅಲಾರಂ ಅನ್ನು ಬಗ್ಗಿಸಿ ಹಿಡಿದು ಧೂಳು ಹೊರಗೆ ಉದುರುವ ಹಾಗೆ ಆಡಿಸಿ. ಬಾಯಿಂದ ಊದಬೇಡಿ, ಉಸಿರಿನ ತೇವದಲ್ಲಿ ಧೂಳು ಅಂಟಿ ಕೂರುತ್ತದೆ. ಒದ್ದೆ ಬಟ್ಟೆ ಹೊರಮೈಗೆ ಮಾತ್ರ, ಅದೂ ಚೆನ್ನಾಗಿ ಹಿಂಡಿ. ಕಾಲಿನ್‌ನಂಥ ಸ್ಪ್ರೇ, ಸೀಮೆಎಣ್ಣೆ, ಜಿರಳೆ ಔಷಧಿ ಹತ್ತಿರ ಸುಳಿಯಬಾರದು. ಕಪ್ಪು ಕೋಣೆಯನ್ನು ಬಿಚ್ಚಬಹುದು ಅಂತ ಅದರ ಜೊತೆ ಬಂದ ಕೈಪಿಡಿಯಲ್ಲಿ ಬರೆದಿದ್ದರಷ್ಟೇ ಬಿಚ್ಚಿ. ಬ್ಯಾಟರಿ ಮರಳಿ ಹಾಕಿ, ತಿರುಗಿಸಿ ಕೂರಿಸಿ, ಟೆಸ್ಟ್ ಬಟನ್ ಒತ್ತಿ ನೋಡಿ. ಪರೀಕ್ಷೆಗೆಂದು ಊದುಬತ್ತಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಅದರ ಜಿಡ್ಡು ಒಳಗೆ ಕೂತು ಕೆಡಿಸುವುದೇ ಹೆಚ್ಚು, ಬೇಡ.

ಎದುರು ಫ್ಲಾಟಿನವರ ಕೆಲಸ ಮುಗಿಯುವವರೆಗೆ ಉಜ್ಜುವ ಹೊತ್ತಿನಲ್ಲಿ ಮಾತ್ರ ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಸಂಜೆ ಕೆಲಸದವರು ಹೊರಟ ಕೂಡಲೇ ಬಿಚ್ಚಬೇಕು. ಅದನ್ನು ಮನೆಯಲ್ಲಿ ಒಬ್ಬರ ಜವಾಬ್ದಾರಿಗೆ ಒಪ್ಪಿಸಿಬಿಡಿ, ಇಲ್ಲವಾದರೆ ಮರೆತುಹೋಗುವ ಕೆಲಸ ಅದು. ನಡುವೆ ಕೂಗಿದರೆ ಮೊದಲು ಎಲ್ಲ ಕೋಣೆ ನೋಡಿ ಬನ್ನಿ. ಬೆಂಕಿ ಇಲ್ಲವೆಂದು ಖಾತ್ರಿಯಾದ ಮೇಲೆ ಹಶ್ ಬಟನ್ ಇದ್ದರೆ ಒತ್ತಿ. ಕೆಲವು ನಿಮಿಷ ಸುಮ್ಮನಿದ್ದು ಅದು ತಾನಾಗಿಯೇ ಕಾವಲಿಗೆ ಮರಳುತ್ತದೆ.

ನೀವು ಹಾಕಿಸಿರುವ ಜಾಗ ಒಳ್ಳೆಯದೇ. ಅಡುಗೆ ಒಲೆಯಿಂದ ಮೂರು ಮೀಟರಾದರೂ ದೂರ ಇರಲಿ, ಸ್ನಾನದ ಮನೆಯ ಬಾಗಿಲಿನ ನೇರಕ್ಕೆ ಬೇಡ. ಫ್ಯಾನಿನ ಪಕ್ಕ ಇದ್ದರೆ ಅದು ಧೂಳನ್ನು ಒಳಗೆ ತಳ್ಳುತ್ತದೆ, ಹೊಗೆಯನ್ನು ಚದುರಿಸುತ್ತದೆ, ಎರಡೂ ಕೆಟ್ಟದ್ದೇ. ಮಿರ್ಚಿ ಕರಿಯುವ ಅಡುಗೆಮನೆಗೆ ಹೊಗೆಯ ಅಲಾರಂ ಹೊಂದುವುದಿಲ್ಲ, ಅಲ್ಲಿಗೆ ಬಿಸಿ ಗುರುತಿಸುವ ಹೀಟ್ ಅಲಾರಂ ಬೇಕು. ಸಿಲಿಂಡರ್ ಗ್ಯಾಸ್ ಸೋರಿದರೆ ಈ ಎರಡಕ್ಕೂ ತಿಳಿಯುವುದಿಲ್ಲ ಎಂಬುದು ನೆನಪಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಅದರ ಡಿಟೆಕ್ಟರ್ ಬೇರೆಯೇ, ಕೂರಿಸುವುದೂ ನೆಲದ ಹತ್ತಿರ. ಗ್ಯಾಸ್ ಸೋರಿಕೆಗೆ 1906, ಬೆಂಕಿಗೆ 101 ಅಥವಾ 112.

ಸೀಲಿಂಗಿನಲ್ಲಿರುವುದು ವೈರ್ ಮೂಲಕ ಕಟ್ಟಡದ ಪ್ಯಾನೆಲ್‌ಗೆ ಸೇರಿದ ಡಿಟೆಕ್ಟರ್ ಆಗಿದ್ದರೆ ಮಾತ್ರ ನೀವಾಗಿ ಬಿಚ್ಚಬೇಡಿ, ಒಂದನ್ನು ಕಳಚಿದರೆ ಪ್ಯಾನೆಲ್ ದೋಷ ತೋರಿಸುತ್ತದೆ. ಅಸೋಸಿಯೇಷನ್ನಿನವರಿಗೆ ಬರೆದು ಕೊಟ್ಟು ನಿರ್ವಹಣೆಯವರಿಂದ ಮಾಡಿಸಿ. ನಿಮ್ಮದು ಬ್ಯಾಟರಿಯದೇ ಆದ್ದರಿಂದ ಈ ಭಾನುವಾರವೇ ಇಳಿಸಿ ಸ್ವಚ್ಛ ಮಾಡಬಹುದು. ಇಳಿಸಿದಾಗ ಹಿಂಬದಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿಕೊಳ್ಳಿ. ತಯಾರಾಗಿ 10 ವರ್ಷ ದಾಟಿದ್ದರೆ, ಅಥವಾ ಸ್ವಚ್ಛ ಮಾಡಿ ಹೊಸ ಬ್ಯಾಟರಿ ಹಾಕಿದ ಮೇಲೂ ಸುಮ್ಮಸುಮ್ಮನೆ ಕೂಗುತ್ತಿದ್ದರೆ, ರಿಪೇರಿಗೆ ಕೊಡದೆ ಹೊಸದನ್ನೇ ಹಾಕಿಸಿ. ಹೊಸದು ಸೀಲಿಂಗಿಗೆ ಏರುವವರೆಗೂ ಹಳೆಯದು ಬ್ಯಾಟರಿ ಸಮೇತ ಅಲ್ಲೇ ಇರಲಿ.